ಹರಿಹರದ ಕಲ್ಲುಕಂಬದಲ್ಲಿ ಮರದ ನೆನಪು

ದಾವಣಗೆರೆಯಿಂದ ಸುಮಾರು 14 ಕಿ.ಮೀ. ದೂರದ ಹರಿಹರಕ್ಕೆ ದಿನವೂ ಸಾವಿರಾರು ಜನ ಬಂದು ಹೋಗುತ್ತಾರೆ. ಕೆಲಸಕ್ಕೆ, ಸಂತೆಗೆ, ರೈಲಿಗೆ ಬರುವವರೇ ಹೆಚ್ಚು. ಊರೊಳಗಿನ ಹರಿಹರೇಶ್ವರ ದೇವಸ್ಥಾನಕ್ಕೆ ಹೋದವರು ಕೂಡ ಕೈಮುಗಿದು, ತೀರ್ಥ ತೆಗೆದುಕೊಂಡು, ಮಂಟಪದ ಜಗತಿಯ ಮೇಲೆ ಒಂದು ಗಳಿಗೆ ಕೂತು ಹೊರಡುತ್ತಾರೆ. ಆ ಒಂದು ಗಳಿಗೆಯಲ್ಲಿ ಬೆನ್ನಿಗೆ ಆಸರೆಯಾಗುವ ಕಂಬವನ್ನು ತಿರುಗಿ ನೋಡುವವರು ಕಡಿಮೆ. ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಕಂಬ ಕಲ್ಲಿನದು, ಅದರ ರೂಪ ಮಾತ್ರ ಮರದ್ದು. ಹಳೆಯ ಮಂಚದ ಕಾಲಿನಲ್ಲಿ, ತೊಟ್ಟಿಲ ಗೂಟದಲ್ಲಿ, ಚನ್ನಪಟ್ಟಣದ ಬೊಂಬೆಯಲ್ಲಿ ಕಾಣುವಂತಹ ಬಳೆಗಳು, ಕೊರಳುಗಳು, ಗಂಟೆಯಾಕಾರದ ಉಬ್ಬುಗಳು ಆ ಕಲ್ಲಿನಲ್ಲಿವೆ. ಆಳೆತ್ತರಕ್ಕೂ ಮೀರಿದ ಕಲ್ಲನ್ನು ಬಡಗಿ ಮರ ಕಡೆದಂತೆ ಯಾರೋ ಕಡೆದಿದ್ದಾರೆ.

ಈ ದೇವಾಲಯವನ್ನು ಕಟ್ಟಿಸಿದವನು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಥ ಪೋಲಾಳ್ವ. ಕಾಲ ಕ್ರಿ.ಶ. 1224ರ ಆಸುಪಾಸು. ಅದೇ ಹೊತ್ತಿಗೆ ಭೂಮಿಯ ಇನ್ನೊಂದು ಕೊನೆಯಲ್ಲಿ, ವರ್ಷದಲ್ಲಿ ಅರ್ಧ ಕಾಲ ಹಿಮ ಕವಿಯುವ ನಾರ್ವೆ ದೇಶದ ಕಣಿವೆಗಳಲ್ಲಿ ಜನ ತಮ್ಮ ದೇವರಿಗೆ ಮರದ ಮನೆಗಳನ್ನು ಕಟ್ಟುತ್ತಿದ್ದರು. ಆ ಮರದ ಚರ್ಚುಗಳಲ್ಲಿ ಕೆಲವು ಈಗಲೂ ನಿಂತಿವೆ. ಒಂದು ಕಲ್ಲು, ಇನ್ನೊಂದು ಮರ. ಒಂದು ಬಿಸಿಲ ನಾಡು, ಇನ್ನೊಂದು ಹಿಮದ ನಾಡು. ಇವೆರಡನ್ನೂ ಒಟ್ಟಿಗಿಟ್ಟು ನೋಡಿದರೆ, ಹಳೆಯ ಕಟ್ಟಡವೊಂದು ನೂರಾರು ವರ್ಷ ಉಳಿಯುವುದು ಯಾವುದರಿಂದ ಎಂಬ ಪ್ರಶ್ನೆಗೆ ಉತ್ತರ ಸ್ವಲ್ಪ ಸ್ಪಷ್ಟವಾಗುತ್ತದೆ.

ಬಡಗಿಯ ಮಾತು, ಕಲ್ಲುಕುಟಿಗನ ಉಳಿ

ಭಾರತದ ವಾಸ್ತುಶಿಲ್ಪ ಮರದಿಂದ ಶುರುವಾಗಿ ಕಲ್ಲಿಗೆ ಬಂತು ಎಂಬುದು ವಿದ್ವಾಂಸರು ಬಹುಕಾಲದಿಂದ ಒಪ್ಪಿರುವ ಮಾತು. ಮರದ ಕಟ್ಟಡಗಳು ಗೆದ್ದಲಿಗೆ, ಬೆಂಕಿಗೆ, ಮಳೆಗೆ ಸಿಕ್ಕಿ ಅಳಿದುಹೋದವು. ಅವುಗಳ ಗುರುತು ಕಲ್ಲಿನಲ್ಲಿ ಉಳಿಯಿತು. ಮಹಾರಾಷ್ಟ್ರದ ಕಾರ್ಲೆಯಲ್ಲಿ ಸುಮಾರು 2000 ವರ್ಷಗಳ ಹಿಂದೆ ಬಂಡೆಯಲ್ಲಿ ಕೊರೆದ ಬೌದ್ಧ ಚೈತ್ಯವಿದೆ. ಬಂಡೆಯೊಳಗಿನ ಗುಹೆಗೆ ಚಾವಣಿಯ ಭಾರ ಹೊರಲು ತೊಲೆ ಬೇಕಿಲ್ಲ. ಆದರೂ ಅಲ್ಲಿನ ಕಮಾನಿನ ಉದ್ದಕ್ಕೂ ಸಾಗುವಾನಿಯ ಪಕ್ಕೆಗಳನ್ನು ಕೂರಿಸಿದ್ದಾರೆ, ಅವು ಈಗಲೂ ಇವೆ. ತೊಲೆಯಿಲ್ಲದ ಮನೆ ಆ ಕಾಲದ ಜನರ ಕಣ್ಣಿಗೆ ಮನೆಯಂತೆ ಕಾಣುತ್ತಿರಲಿಲ್ಲವೆಂದು ತೋರುತ್ತದೆ.

ನಮ್ಮ ಐಹೊಳೆಯ ಲಾಡಖಾನ್ ದೇವಾಲಯದಲ್ಲಿ ಈ ಮಾತು ಇನ್ನಷ್ಟು ನಿಚ್ಚಳವಾಗಿದೆ. ಚಾಲುಕ್ಯರ ಕಾಲದ ಆ ಗುಡಿಯ ಇಳಿಜಾರು ಮಾಡಿಗೆ ದೊಡ್ಡ ದೊಡ್ಡ ಕಲ್ಲುಚಪ್ಪಡಿಗಳನ್ನು ಹಾಸಿ, ಎರಡು ಚಪ್ಪಡಿಗಳ ನಡುವಿನ ಸಂದಿಯಿಂದ ನೀರು ಇಳಿಯದಂತೆ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಮೇಲಿಟ್ಟಿದ್ದಾರೆ. ದೂರದಿಂದ ನೋಡಿದರೆ ಹಲಗೆಯ ಮಾಡಿನ ಮೇಲೆ ಮರದ ದಿಮ್ಮಿಗಳನ್ನು ಜೋಡಿಸಿಟ್ಟ ಹಾಗಿದೆ. ಕಟ್ಟಿದವರ ಕೈ ಕಲ್ಲನ್ನು ಮುಟ್ಟುತ್ತಿತ್ತು, ಮನಸ್ಸು ಇನ್ನೂ ಮರದ ಲೆಕ್ಕದಲ್ಲೇ ಓಡುತ್ತಿತ್ತು.

ಈ ಬದಲಾವಣೆ ಹೇಗೆ ನಡೆಯಿತು ಎಂಬುದಕ್ಕೆ ಭಾಷೆಯೇ ಸಾಕ್ಷಿ ಹೇಳುತ್ತದೆ. ದೇವಾಲಯವನ್ನು ವಿವರಿಸುವಾಗ ಬಳಸುವ ಕಂಬ, ಬೋದಿಗೆ, ತೊಲೆ, ಹೊಸ್ತಿಲು, ಬಾಗಿಲವಾಡ ಎಂಬ ಪದಗಳೆಲ್ಲ ಹಳ್ಳಿಯ ಮನೆಯ ಪದಗಳು. ದಾವಣಗೆರೆ ಸೀಮೆಯ ಹಳೆಯ ಮಾಳಿಗೆ ಮನೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆಲದಲ್ಲಿ ಒಂದು ಪೀಠದ ಕಲ್ಲು, ಅದರ ಮೇಲೆ ಮರದ ಕಂಬ, ಕಂಬದ ತಲೆಯ ಮೇಲೆ ಎರಡೂ ಕಡೆ ಕೈಚಾಚಿದ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ, ಜಂತೆಯ ಮೇಲೆ ಹಲಗೆ, ಅದರ ಮೇಲೆ ಮಣ್ಣು. ಹರಿಹರದ ಮಂಟಪದಲ್ಲೂ ಕ್ರಮ ಇದೇ. ಪೀಠ, ಕಂಬ, ಬೋದಿಗೆ, ತೊಲೆ ಎಲ್ಲವೂ ಕ್ರಮವಾಗಿ ಬರುತ್ತವೆ. ಜಂತೆ ಹಲಗೆಗಳ ಜಾಗದಲ್ಲಿ ಮಾತ್ರ ಕಮಲ ಬಿಡಿಸಿದ ಕಲ್ಲುಚಪ್ಪಡಿಗಳು ಬಂದಿವೆ.

ಕಲ್ಲಿನ ಕೆಲಸದವನೂ ಮರದ ಕೆಲಸದವನೂ ಒಂದೇ ಬಳಗದವರಾಗಿದ್ದುದು ಇದಕ್ಕೆ ಮುಖ್ಯ ಕಾರಣ. ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನ ಈ ಐದು ಕಸುಬುಗಳನ್ನು ಹಿಡಿದವರು ಪಾಂಚಾಳರು, ವಿಶ್ವಕರ್ಮರು. ಅಣ್ಣ ನೇಗಿಲು ಕೆತ್ತಿದರೆ ತಮ್ಮ ವಿಗ್ರಹ ಕೆತ್ತಬಹುದಾಗಿದ್ದ ಸಮಾಜ ಅದು. ಮರದಲ್ಲಿ ಕಲಿತ ಕೂಡುಗಳು, ಬೆಣೆಗಳು, ಅಳತೆಗಳು ಕಲ್ಲಿಗೆ ದಾಟುವುದು ಅಲ್ಲಿ ಸಹಜವಾಗಿತ್ತು. ಹೊಯ್ಸಳರ ಕಟ್ಟಡಗಳಲ್ಲಿ ಕಲ್ಲಿನ ತುಂಡುಗಳನ್ನು ಗಾರೆಯಿಲ್ಲದೆ ಒಂದರೊಳಗೊಂದು ಕೂಡಿಸುವ ರೀತಿ ಬಡಗಿಯ ಜೋಡಣೆಯನ್ನೇ ಹೋಲುತ್ತದೆ.

ಇದಕ್ಕೆ ನೆರವಾದದ್ದು ಬಳಪದ ಕಲ್ಲು. ಗಣಿಯಿಂದ ತೆಗೆದ ಹೊಸತರಲ್ಲಿ ಇದು ಮೆತ್ತಗಿರುತ್ತದೆ, ಉಳಿಗೆ ಸುಲಭವಾಗಿ ಬಗ್ಗುತ್ತದೆ. ಗಾಳಿ ಬಿಸಿಲಿಗೆ ಒಡ್ಡಿದ ಮೇಲೆ ಬಿರುಸಾಗುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಈ ಕಲ್ಲಿನ ಗುಣವನ್ನರಿತು ಮರಳುಗಲ್ಲನ್ನು ಬಿಟ್ಟು ಇದನ್ನು ಹಿಡಿದರು. ಅವರಿಂದ ಹೊಯ್ಸಳರಿಗೆ ಬಂತು. ಕಂಬವನ್ನು ತಿರುಗಣೆಗೆ ಹೂಡಿ, ಅದು ತಿರುಗುವಾಗ ಉಳಿಯನ್ನು ತಾಗಿಸಿ ಬಳೆಗಳನ್ನು ಎಬ್ಬಿಸುವ ವಿದ್ಯೆ ಈ ಮೆತ್ತನೆಯ ಕಲ್ಲಿನಿಂದಾಗಿ ಸಾಧ್ಯವಾಯಿತು. ಇಂತಹ ಕಂಬಗಳನ್ನು ಇತಿಹಾಸಕಾರರು ತಿರುಗಣೆಯ ಕಂಬಗಳೆಂದು ಕರೆಯುತ್ತಾರೆ. ಹರಿಹರದ ಮಂಟಪದ ಸುತ್ತಲಿನ ಗಿಡ್ಡ ಗೋಡೆಯ ಮೇಲೆ ಸಾಲಾಗಿ ನಿಂತಿರುವ ಅರೆಗಂಬಗಳೂ ಈ ಬಗೆಯವೇ.

ಏಳು ಶತಮಾನಗಳ ನಂತರ ಇದೇ ಊರಿನಲ್ಲಿ ಒಂದು ಕಾಕತಾಳೀಯ ನಡೆಯಿತು. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹರಿಹರದಲ್ಲಿ ತಯಾರಿಸಿದ್ದು ಲೇತ್ ಯಂತ್ರಗಳನ್ನು, ಅಂದರೆ ಆಧುನಿಕ ತಿರುಗಣೆಗಳನ್ನು. ಹರಿಹರದ ಹೆಸರು ಹೊತ್ತ ಲೇತುಗಳು ದೇಶದ ಅನೇಕ ವರ್ಕ್‌ಶಾಪುಗಳಿಗೆ ಹೋದವು. ಕಾರ್ಖಾನೆ ಈಗಿಲ್ಲ. ಅದರ ನೆನಪಿಗೆ ಯಂತ್ರಾಪುರ ಎಂಬ ಬಡಾವಣೆಯ ಹೆಸರು ಉಳಿದಿದೆ. ತಿರುಗಣೆಯಲ್ಲಿ ಕಡೆದ ಕಲ್ಲುಕಂಬಗಳು ಮಾತ್ರ ನಿಂತ ಜಾಗದಲ್ಲೇ ನಿಂತಿವೆ.

ಹಿಮದ ನಾಡಿನ ಮರದ ಗುಡಿ

ನಾರ್ವೆಯವರಿಗೆ ಬಳಪದ ಕಲ್ಲಿನಂತೆ ಒದಗಿದ್ದು ಪೈನ್ ಮರ. ಅವರು ಕಟ್ಟಿದ ಮರದ ಚರ್ಚುಗಳ ಮೂಲ ಲಕ್ಷಣ ನೆಟ್ಟಗೆ ನಿಂತ ಕಂಬಗಳು. ಮೊದಮೊದಲು ಈ ಕಂಬಗಳನ್ನು ನೇರವಾಗಿ ನೆಲದಲ್ಲಿ ಹೂಳುತ್ತಿದ್ದರು. ಮಣ್ಣಿನ ತೇವಕ್ಕೆ ಬುಡ ಕೊಳೆತು ಕೆಲವು ದಶಕಗಳಲ್ಲೇ ಕಟ್ಟಡ ಬೀಳುತ್ತಿತ್ತು. ಆಮೇಲೆ ಯಾರಿಗೋ ಒಂದು ಉಪಾಯ ಹೊಳೆಯಿತು. ನೆಲದ ಮೇಲೆ ಕಲ್ಲಿನ ಕಟ್ಟೆ ಹಾಕಿ, ಅದರ ಮೇಲೆ ಅಡಿತೊಲೆಗಳನ್ನು ಚೌಕವಾಗಿ ಕೂಡಿಸಿ, ಆ ತೊಲೆಗಳ ಮೇಲೆ ಕಂಬ ನಿಲ್ಲಿಸಿದರು. ಮರ ಮಣ್ಣನ್ನು ಮುಟ್ಟುವುದು ತಪ್ಪಿತು. ಇಷ್ಟು ಸಣ್ಣ ಬದಲಾವಣೆಯಿಂದ ಕಟ್ಟಡದ ಆಯಸ್ಸು ದಶಕಗಳಿಂದ ಶತಮಾನಗಳಿಗೆ ಏರಿತು. ನಮ್ಮ ಮನೆಗಳಲ್ಲಿ ಮರದ ಕಂಬದಡಿ ಪೀಠದ ಕಲ್ಲು ಇಡುವುದರ ಹಿಂದಿನ ತಿಳಿವಳಿಕೆಯೂ ಇದೇ. ಒಬ್ಬರನ್ನೊಬ್ಬರು ಕಾಣದ ಬಡಗಿಗಳು ಒಂದೇ ಶತ್ರುವಿಗೆ ಒಂದೇ ಉತ್ತರ ಕಂಡುಕೊಂಡಿದ್ದರು.

ನಾರ್ವೆಯ ಉರ್ನೆಸ್ ಎಂಬಲ್ಲಿನ ಚರ್ಚು ಸುಮಾರು 1130ರದು. ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ, ಅಂದರೆ ಎರಡೂ ಒಂದೇ ತಲೆಮಾರಿನವು. ಉರ್ನೆಸ್ ಚರ್ಚಿನ ಹೊರಗೋಡೆಯಲ್ಲಿ ಅದಕ್ಕೂ ಹಿಂದಿನ ಚರ್ಚೊಂದರ ಕೆತ್ತನೆಯ ಬಾಗಿಲವಾಡವನ್ನು ಸೇರಿಸಿದ್ದಾರೆ. ಬಳ್ಳಿಯಂತೆ ಸುತ್ತಿಕೊಂಡ ಹಾವುಗಳು, ಒಂದನ್ನೊಂದು ಕಚ್ಚುವ ಮೃಗಗಳು ಅದರಲ್ಲಿವೆ. ಇವು ಕ್ರೈಸ್ತಧರ್ಮ ಬರುವ ಮುನ್ನ ಆ ನಾಡಿನಲ್ಲಿದ್ದ ಕಲೆಯ ಮುಂದುವರಿಕೆ. ಬೋರ್ಗುಂಡ್ ಎಂಬಲ್ಲಿನ ಚರ್ಚಿನ ಮರಗಳನ್ನು ಕಡಿದದ್ದು 12ನೆಯ ಶತಮಾನದ ಕೊನೆಯಲ್ಲಿ ಎಂದು ಮರದ ಬಳೆಗಳ ಎಣಿಕೆಯಿಂದ ತಿಳಿದುಬಂದಿದೆ. ಅದರ ಮಾಡುಗಳ ತುದಿಯಲ್ಲಿ ಶಿಲುಬೆಗಳೂ ಇವೆ, ಬಾಯಿ ತೆರೆದ ಡ್ರ್ಯಾಗನ್ನುಗಳೂ ಇವೆ. ಹೊಸ ದೇವರು ಬಂದರೂ ಹಳೆಯ ಕಾವಲುಗಾರರನ್ನು ಆ ಜನ ಹೊರಗಟ್ಟಲಿಲ್ಲ.

ಒಂದು ಕಾಲದಲ್ಲಿ ಇಂತಹ ಸಾವಿರಕ್ಕೂ ಹೆಚ್ಚು ಚರ್ಚುಗಳು ಇದ್ದವೆಂದು ಅಂದಾಜು. ನಾರ್ವೆಯಲ್ಲಿ ಈಗ ಉಳಿದಿರುವುದು 28. ಇವು ಅಳಿದದ್ದು ಹಿಮದಿಂದ ಅಲ್ಲ. 1349ರಲ್ಲಿ ಬಂದ ಮಹಾಮಾರಿಗೆ ಊರಿಗೆ ಊರೇ ಬರಿದಾಗಿ, ನೋಡಿಕೊಳ್ಳುವವರಿಲ್ಲದೆ ಅನೇಕ ಚರ್ಚುಗಳು ಹಾಳಾದವು. 1851ರಲ್ಲಿ ಬಂದ ಕಾನೂನೊಂದು ಊರಿನ ಜನಸಂಖ್ಯೆಗೆ ತಕ್ಕಷ್ಟು ಆಸನಗಳು ಚರ್ಚಿನಲ್ಲಿರಬೇಕೆಂದು ವಿಧಿಸಿತು. ಚಿಕ್ಕದಾದ ಹಳೆಯ ಮರದ ಚರ್ಚುಗಳನ್ನು ಊರವರೇ ಕೆಡವಿ ದೊಡ್ಡವನ್ನು ಕಟ್ಟಿಕೊಂಡರು. ಬರ್ಗೆನ್ ನಗರದ ಬಳಿಯ ಫಾಂಟಾಫ್ಟ್ ಚರ್ಚಿನ ಕಥೆ ಇನ್ನೂ ಕಹಿಯಾದುದು. ಕೆಡವುವ ಸರದಿ ಬಂದಾಗ, 1883ರಲ್ಲಿ, ಅದನ್ನು ಬಿಚ್ಚಿ ಬೇರೆಡೆಗೆ ಸಾಗಿಸಿ ಉಳಿಸಿಕೊಂಡಿದ್ದರು. 1992ರ ಜೂನ್ 6ರಂದು ಕಿಡಿಗೇಡಿಗಳು ಅದಕ್ಕೆ ಬೆಂಕಿಯಿಟ್ಟರು. ಎಂಟು ನೂರು ವರ್ಷದ ಮರ ಒಂದು ಬೆಳಗಿನಲ್ಲಿ ಬೂದಿಯಾಯಿತು. ಈಗ ಅಲ್ಲಿರುವುದು ಅದೇ ಅಳತೆಯಲ್ಲಿ ಮತ್ತೆ ಕಟ್ಟಿದ ಪ್ರತಿರೂಪ.

ಎರಡು ಪಾಲು, ಒಂದು ಮೂರ್ತಿ

ಹರಿಹರಕ್ಕೂ ಕಷ್ಟದ ಕಾಲ ಬಾರದೆ ಇರಲಿಲ್ಲ. ಸೂಳೆಕೆರೆಯಿಂದ ಹರಿದು ಬರುವ ಹರಿದ್ರಾ ಹೊಳೆ ತುಂಗಭದ್ರೆಯನ್ನು ಸೇರುವ ಈ ಜಾಗದ ಹಳೆಯ ಹೆಸರು ಕೂಡಲೂರು. ಸ್ಥಳಪುರಾಣದ ಪ್ರಕಾರ ಇಲ್ಲಿನ ಕಾಡಿನಲ್ಲಿ ಗುಹಾಸುರನೆಂಬ ರಾಕ್ಷಸನಿದ್ದ. ಹರಿಯಿಂದಾಗಲಿ ಹರನಿಂದಾಗಲಿ ತನಗೆ ಸಾವು ಬರಬಾರದೆಂದು ಬ್ರಹ್ಮನಿಂದ ವರ ಪಡೆದಿದ್ದ. ಅವನ ಉಪಟಳ ಮಿತಿಮೀರಿದಾಗ ಹರಿ ಮತ್ತು ಹರ ಇಬ್ಬರೂ ಒಂದೇ ದೇಹವಾಗಿ ಬಂದು ಅವನನ್ನು ಕೊಂದರು. ವರವೂ ಸುಳ್ಳಾಗಲಿಲ್ಲ, ಅಸುರನೂ ಉಳಿಯಲಿಲ್ಲ. ಗರ್ಭಗುಡಿಯ ಮೂರ್ತಿಯಲ್ಲಿ ಬಲಭಾಗ ಶಿವ, ಎಡಭಾಗ ವಿಷ್ಣು.

ಕಥೆ ಸರಳವಾದುದು, ಅದರ ಹಿಂದಿನ ಕಾಲ ಸರಳವಾಗಿರಲಿಲ್ಲ. 12 ಮತ್ತು 13ನೆಯ ಶತಮಾನದ ಕರ್ನಾಟಕದಲ್ಲಿ ಶೈವ, ವೈಷ್ಣವ, ಜೈನ, ವೀರಶೈವ ಪಂಥಗಳೆಲ್ಲವೂ ಬಲವಾಗಿದ್ದವು. ವಾದಗಳೂ ನಡೆಯುತ್ತಿದ್ದವು, ಜಗಳಗಳೂ ನಡೆಯುತ್ತಿದ್ದವು. ಅಂತಹ ಹೊತ್ತಿನಲ್ಲಿ ರಾಜ್ಯದ ಉತ್ತರದ ಗಡಿಯಂತಿದ್ದ ತುಂಗಭದ್ರೆಯ ದಡದಲ್ಲಿ ಹೊಯ್ಸಳರ ದಂಡನಾಥನೊಬ್ಬ ಇಬ್ಬರು ದೇವರನ್ನೂ ಒಂದೇ ಪೀಠದಲ್ಲಿ ನಿಲ್ಲಿಸಿದ ಮೂರ್ತಿಗೆ ಇಷ್ಟು ದೊಡ್ಡ ದೇವಾಲಯ ಕಟ್ಟಿಸಿದ್ದು ಭಕ್ತಿಯ ಜೊತೆಗೆ ವಿವೇಕದ ಕೆಲಸವೂ ಹೌದು. ಮುಂದೆ 1268ರಲ್ಲಿ ಸೋಮನಾಥಪುರವನ್ನು ಕಟ್ಟಿಸಿದ ದಂಡನಾಯಕ ಸೋಮನಾಥನೂ ಈ ದೇವಾಲಯಕ್ಕೆ ಸೇರ್ಪಡೆಗಳನ್ನು ಮಾಡಿಸಿದ.

ಇದಾಗಿ ಹತ್ತು ವರ್ಷ ತುಂಬುವ ಮೊದಲೇ ಗಡಿಯ ಆಚೆಯ ದೇವಗಿರಿಯ ಸೇವುಣರು ಹೊಯ್ಸಳರ ಮೇಲೆ ದಂಡೆತ್ತಿ ಬಂದರು. ದೋರಸಮುದ್ರದವರೆಗೂ ನುಗ್ಗಿದ ಆ ಸೇನೆಯ ನಾಯಕ ಸಾಳುವ ತಿಕ್ಕಮ. ಹೊಯ್ಸಳರ ಹಗೆಯಾದ ಈ ತಿಕ್ಕಮನ 1277ರ ಶಾಸನವೂ ಹರಿಹರದಲ್ಲಿದೆ. ಕಟ್ಟಿದವರ ಶಾಸನ, ಕಟ್ಟಿದವರನ್ನು ಸೋಲಿಸಲು ಬಂದವರ ಶಾಸನ ಎರಡೂ ಒಂದೇ ಊರಿನಲ್ಲಿ ಸಿಗುವುದು ಗಮನಿಸಬೇಕಾದ ಸಂಗತಿ. ರಾಜ್ಯಗಳ ಗಡಿ ಬದಲಾಗುತ್ತಿತ್ತು, ಹರಿಹರನ ಬಗೆಗಿನ ಗೌರವ ಬದಲಾಗಲಿಲ್ಲ.

ವಿಜಯನಗರ ಅಳಿದ ಮೇಲೆ ಊರು ತರೀಕೆರೆ ಪಾಳೆಯಗಾರರು, ಸವಣೂರು ನವಾಬರು, ಬಿದನೂರು ಅರಸರ ಕೈಯಿಂದ ಕೈಗೆ ಹೋಯಿತು. 1763ರಲ್ಲಿ ಹೈದರಾಲಿ ಅದನ್ನು ಹಿಡಿದ. ನಂತರವೂ ಮರಾಠರು ಮತ್ತೆ ಮತ್ತೆ ಬಂದರು. ಈ ಏರುಪೇರುಗಳ ನಡುವೆ ದೇವಾಲಯದ ಮೂಲ ಶಿಖರ ಉಳಿಯಲಿಲ್ಲ. ಈಗ ಗರ್ಭಗುಡಿಯ ಮೇಲಿರುವುದು ಇಟ್ಟಿಗೆ ಗಾರೆಯ, ಹೆಚ್ಚು ಅಲಂಕಾರವಿಲ್ಲದ ಶಿಖರ. ಕೆಳಗಿನ ಮಂಟಪವನ್ನು ನೋಡಿ ತಲೆ ಎತ್ತಿದವರಿಗೆ ಈ ವ್ಯತ್ಯಾಸ ತಟ್ಟನೆ ಗೊತ್ತಾಗುತ್ತದೆ. ಮೂಲ ಕಟ್ಟಡಕ್ಕೆ ಸೇರಿದ್ದ ಕೆಲವು ಒಳ್ಳೆಯ ಶಿಲ್ಪಗಳು ಬಿಡಿಬಿಡಿಯಾಗಿ ಆವರಣದಲ್ಲಿವೆ.

ಹೊರಜಗತ್ತಿಗೆ ಈ ದೇವಾಲಯದ ಪರಿಚಯವಾದದ್ದು 19ನೆಯ ಶತಮಾನದಲ್ಲಿ. 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ದೊಡ್ಡ ಛಾಯಾಚಿತ್ರ ಸಂಪುಟದಲ್ಲಿ ಹರಿಹರದ ಚಿತ್ರಗಳೂ ಸೇರಿದವು. ಅದಕ್ಕೆ ಟಿಪ್ಪಣಿ ಬರೆದವನು ಜೇಮ್ಸ್ ಫರ್ಗುಸನ್. ಎರಡು ವರ್ಷಗಳ ನಂತರ, 1868ರಲ್ಲಿ, ತುಂಗಭದ್ರೆಗೆ 14 ಕಮಾನುಗಳ ಸೇತುವೆ ಮುಗಿಯಿತು. ಮುಂದೆ ಬಿ.ಎಲ್. ರೈಸ್ ಅವರು ಇಲ್ಲಿನ ಶಾಸನಗಳನ್ನು ಓದಿಸಿ ಎಪಿಗ್ರಾಫಿಯ ಕರ್ನಾಟಿಕದ ಚಿತ್ರದುರ್ಗ ಜಿಲ್ಲೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಆಗ ಹರಿಹರ ಆ ಜಿಲ್ಲೆಗೆ ಸೇರಿತ್ತು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ.

ದ್ವೀಪದ ಮೇಲಿನ 22 ಗುಮ್ಮಟಗಳು

ಹಾಗಾದರೆ ಕಲ್ಲು ಹೆಚ್ಚು ಬಾಳುತ್ತದೆಯೋ, ಮರವೋ? ಕಲ್ಲೇ ಎಂದು ಯಾರೂ ಹೇಳಿಯಾರು. ಅದಕ್ಕೆ ಮರುಮಾತಿನಂತಿರುವುದು ರಷ್ಯಾದ ಉತ್ತರಕ್ಕೆ, ಒನೇಗಾ ಸರೋವರದ ಕಿಜಿ ಎಂಬ ಸಣ್ಣ ದ್ವೀಪದಲ್ಲಿರುವ ಮರದ ಚರ್ಚು. ಚಳಿಗಾಲದಲ್ಲಿ ಸುತ್ತಲ ನೀರು ಹೆಪ್ಪುಗಟ್ಟುವ ಈ ದ್ವೀಪದಲ್ಲಿ, ಸಿಡಿಲಿಗೆ ಸುಟ್ಟುಹೋದ ಹಳೆಯ ಚರ್ಚಿನ ಜಾಗದಲ್ಲಿ 1714ರಲ್ಲಿ ಇದನ್ನು ಕಟ್ಟಿದರು. ಎತ್ತರ 37 ಮೀಟರು, ಒಂದರ ಮೇಲೊಂದು ಏರುತ್ತಾ ಹೋಗುವ ಗುಮ್ಮಟಗಳು 22. ಗೋಡೆಗಳು ಪೈನ್ ದಿಮ್ಮಿಗಳವು. ಗುಮ್ಮಟಗಳಿಗೆ ಮೀನಿನ ಹುರುಪೆಯಂತೆ ಹೊದಿಸಿರುವುದು ಆಸ್ಪೆನ್ ಮರದ ಸಣ್ಣ ಬಿಲ್ಲೆಗಳು. ಇವು ಹಳತಾದಂತೆ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತವೆ. ಇದರಲ್ಲಿ ಬಿಸಿ ಮಾಡುವ ಒಲೆಯಿಲ್ಲ, ಆದ್ದರಿಂದ ಇದು ಬೇಸಿಗೆಯ ಚರ್ಚು. ಪಕ್ಕದಲ್ಲೇ ಚಳಿಗಾಲದ ಪೂಜೆಗೆಂದು 1764ರಲ್ಲಿ ಈಗಿನ ರೂಪ ಪಡೆದ ಇನ್ನೊಂದು ಮರದ ಚರ್ಚು ಇದೆ.

ಇಡೀ ಕಟ್ಟಡದಲ್ಲಿ ಒಂದು ಮೊಳೆಯೂ ಇಲ್ಲವೆಂಬ ಮಾತು ಜನಜನಿತವಾಗಿದೆ. ಅದು ಅರ್ಧ ಮಾತ್ರ ನಿಜ. ಗೋಡೆಯ ದಿಮ್ಮಿಗಳನ್ನು ಮೂಲೆಯಲ್ಲಿ ಕಚ್ಚು ಮಾಡಿ ಒಂದಕ್ಕೊಂದು ಸಿಕ್ಕಿಸಿದ್ದಾರೆ, ಅಲ್ಲಿ ಮೊಳೆ ಬೇಕಿಲ್ಲ. ಗುಮ್ಮಟದ ಬಿಲ್ಲೆಗಳನ್ನು ಮಾತ್ರ ಮೊಳೆಯಿಂದಲೇ ಹೊಡೆದಿದ್ದಾರೆ. ಕಟ್ಟಿ ಮುಗಿಸಿದ ಮೇಲೆ ನೆಸ್ತೊರ್ ಎಂಬ ಬಡಗಿ, ಇಂಥದ್ದು ಹಿಂದೆ ಇರಲಿಲ್ಲ ಮುಂದೆಯೂ ಆಗದು ಎಂದು ಹೇಳಿ ತನ್ನ ಕೊಡಲಿಯನ್ನು ಸರೋವರಕ್ಕೆ ಎಸೆದನೆಂಬ ಐತಿಹ್ಯವೂ ಇದೆ. ಕೈದಾಳದಲ್ಲಿ ತನ್ನ ಕೈಯನ್ನೇ ಕತ್ತರಿಸಿಕೊಂಡ ಜಕಣಾಚಾರಿಯ ಕಥೆ ಕೇಳಿ ಬೆಳೆದ ಕನ್ನಡಿಗರಿಗೆ ಇದು ಪರಿಚಿತ ದನಿ. ನೂರಾರು ಕೈಗಳು ಕಟ್ಟಿದ್ದನ್ನು ಒಂದೇ ಹೆಸರಿಗೆ ಒಪ್ಪಿಸಿ ನೆನಪಿಡುವುದು ಎಲ್ಲ ಕಡೆಯ ಜನರ ಅಭ್ಯಾಸ.

1990ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವ ಹೊತ್ತಿಗೆ ಚರ್ಚು ವಾಲಿತ್ತು. ಅನೇಕ ದಿಮ್ಮಿಗಳು ಒಳಗೊಳಗೇ ಕೊಳೆತಿದ್ದವು. ಬೀಳದಿರಲೆಂದು 1980ರ ದಶಕದಲ್ಲಿ ಒಳಗೆ ಉಕ್ಕಿನ ಚೌಕಟ್ಟು ನಿಲ್ಲಿಸಿದ್ದರು. ಪೂಜೆಯ ಚಿತ್ರಫಲಕಗಳನ್ನು ತೆಗೆದು ಬೇರೆಡೆ ಇಟ್ಟಿದ್ದರು. ಇಡೀ ಕಟ್ಟಡವನ್ನು ಬಿಚ್ಚಿ ಮತ್ತೆ ಜೋಡಿಸುವುದೋ, ಹಾಗೆಯೇ ದುರಸ್ತಿ ಮಾಡುವುದೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಕೊನೆಗೆ ಹಿಡಿದ ದಾರಿ ಎತ್ತಿ ಸರಿಪಡಿಸುವುದು. ಮೇಲಿನ ಭಾಗವನ್ನು ಜಾಕಿಗಳ ಮೇಲೆ ಎತ್ತಿ ಹಿಡಿದು, ಕೆಳಗಿನ ಸುತ್ತಿನ ದಿಮ್ಮಿಗಳನ್ನು ತೆಗೆದು, ಒಳ್ಳೆಯವನ್ನು ಉಳಿಸಿ, ಕೆಟ್ಟವುಗಳ ಜಾಗಕ್ಕೆ ಹೊಸ ಪೈನ್ ದಿಮ್ಮಿ ಕೂಡಿಸಿ, ಮತ್ತೆ ಅದೇ ಜಾಗದಲ್ಲಿ ಕೂರಿಸಿದರು. ಹೀಗೆ ಕೆಳಗಿನಿಂದ ಮೇಲಕ್ಕೆ ಏಳು ಹಂತಗಳು. ಕೆಲಸ ಮುಗಿಯುವಾಗ 2020 ಬಂದಿತ್ತು.

ಈಗ ಇರುವುದು 1714ರ ಚರ್ಚೇ ಎಂದು ಕೇಳಿದರೆ ಏನು ಹೇಳಬೇಕು? ದಿಮ್ಮಿಗಳಲ್ಲಿ ಹಲವು ಹೊಸವು. ಕಚ್ಚು ಕೊರೆಯುವ ವಿದ್ಯೆ ಹಳೆಯದು, ಅಳತೆ ಹಳೆಯದು, ಜಾಗ ಹಳೆಯದು. ಜಪಾನಿನ ಇಸೆ ದೇವಾಲಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. 20 ವರ್ಷಕ್ಕೊಮ್ಮೆ ಪಕ್ಕದ ಖಾಲಿ ಜಾಗದಲ್ಲಿ ಹೊಸ ಮರದಿಂದ ಅದೇ ದೇವಾಲಯವನ್ನು ಮತ್ತೆ ಕಟ್ಟಿ, ಹಳೆಯದನ್ನು ಬಿಚ್ಚುತ್ತಾರೆ. 2013ರಲ್ಲಿ ಅದು 62ನೆಯ ಸಲ ನಡೆಯಿತು. ಅಲ್ಲಿ ಮರಕ್ಕೆ ವಯಸ್ಸಿಲ್ಲ, ಕಸುಬಿಗೆ ವಯಸ್ಸಿದೆ.

ನಮ್ಮಲ್ಲಿ ಮರ ಉಳಿದದ್ದು ಎಲ್ಲಿ

ಕರ್ನಾಟಕದಲ್ಲಿ ದೇವರ ಮನೆಯಿಂದ ಮರ ಪೂರ್ತಿ ಹೊರಬೀಳಲಿಲ್ಲ. ಮಳೆ ಹೆಚ್ಚಿರುವ ಕರಾವಳಿಯಲ್ಲಿ ಇಳಿಜಾರು ಮಾಡು ಅನಿವಾರ್ಯ. 1430ರಲ್ಲಿ ಆರಂಭವಾದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಕೆಳಗೆ ಕಲ್ಲಿನ ಕಂಬಗಳಿದ್ದರೆ, ಮೇಲೆ ಮರದ ಕೆಲಸದ ಮೇಲೆ ತಾಮ್ರ ಹೊದಿಸಿದ ಮಾಡುಗಳಿವೆ. ಇವು ದೂರದ ನೇಪಾಳದ ಗುಡಿಗಳನ್ನು ನೆನಪಿಸುತ್ತವೆಂದು ಫರ್ಗುಸನ್ ಆಗಲೇ ಬರೆದಿದ್ದ. ಶಿರಸಿಯ ಮಾರಿಕಾಂಬೆಯ ಮೂರ್ತಿಯೇ ಮರದ್ದು. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಗೆ ಮುನ್ನ ಆ ಮೂರ್ತಿಗೆ ಹೊಸದಾಗಿ ಬಣ್ಣ ಬಳಿಯುವುದು ವಿಧಿಯ ಒಂದು ಭಾಗ.

ಬಯಲುಸೀಮೆಯ ಹರಿಹರದಲ್ಲಿ ಮರ ಉಳಿದಿರುವುದು ತೇರಿನಲ್ಲಿ. ವರ್ಷಕ್ಕೊಮ್ಮೆ ಹರಿಹರೇಶ್ವರನ ರಥೋತ್ಸವದಂದು ದೇವರು ಕಲ್ಲಿನ ಮನೆ ಬಿಟ್ಟು ಮರದ ಮನೆಗೆ ಬರುತ್ತಾನೆ. ತೇರೆಂದರೆ ಚಲಿಸುವ ಗುಡಿ. ಅದಕ್ಕೂ ಅಧಿಷ್ಠಾನವಿದೆ, ಮಂಟಪವಿದೆ, ಶಿಖರವಿದೆ, ಕಳಶವಿದೆ. ತೇರಿನ ಗಾಲಿ ಸೀಳಿದರೆ ಗಾಲಿ ಬದಲಾಗುತ್ತದೆ, ಅಚ್ಚು ಮುರಿದರೆ ಅಚ್ಚು ಬದಲಾಗುತ್ತದೆ. ಇದು ಹಳೆಯ ತೇರೋ ಹೊಸದೋ ಎಂದು ಹಗ್ಗ ಹಿಡಿದವರು ಯಾರೂ ಕೇಳುವುದಿಲ್ಲ. ಕಿಜಿಯ ದ್ವೀಪದಲ್ಲಿ ತಜ್ಞರು ವರ್ಷಗಟ್ಟಲೆ ಚರ್ಚಿಸಿ ಕಂಡುಕೊಂಡ ಉತ್ತರವನ್ನು ನಮ್ಮ ಊರುಗಳ ಜನ ಜಾತ್ರೆಯ ಲೆಕ್ಕದಲ್ಲಿ ಸದ್ದಿಲ್ಲದೆ ನಡೆಸಿಕೊಂಡು ಬಂದಿದ್ದಾರೆ.

ಮರ ಮತ್ತು ಕಲ್ಲಿನ ಈ ಆಟದ ಕೊನೆಯ ಸುತ್ತು ಹಂಪಿಯಲ್ಲಿದೆ. ವಿಠ್ಠಲ ದೇವಾಲಯದ ಮುಂದಿನ ಕಲ್ಲಿನ ರಥ ನಿಜವಾಗಿ ಗರುಡನ ಗುಡಿ. ಮರದ ತೇರು ಗುಡಿಯನ್ನು ಅನುಕರಿಸಿದರೆ, ಇಲ್ಲಿ ಕಲ್ಲಿನ ಗುಡಿ ಮರದ ತೇರನ್ನು ಅನುಕರಿಸಿದೆ. ಅದರ ಮೇಲೂ ಒಂದು ಕಾಲಕ್ಕೆ ಇಟ್ಟಿಗೆಯ ಶಿಖರವಿತ್ತು. 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಅದು ಕಾಣುತ್ತದೆ, ಈಗ ಇಲ್ಲ.

ಹರಿಹರೇಶ್ವರ ದೇವಾಲಯ ಈಗ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಜೊತೆಗೆ ದಿನವೂ ಪೂಜೆ ನಡೆಯುವ ಗುಡಿಯೂ ಹೌದು. ಈ ಎರಡು ಪಾತ್ರಗಳು ಯಾವಾಗಲೂ ಹೊಂದಿಕೊಳ್ಳುವುದಿಲ್ಲ. ಸ್ಮಾರಕಕ್ಕೆ ಎಣ್ಣೆ, ಕುಂಕುಮ, ಕರ್ಪೂರದ ಹೊಗೆ ಶತ್ರು. ಗುಡಿಗೆ ಅವೇ ಜೀವ. ಬಳಪದ ಕಲ್ಲು ಮೆದುವಾದ ಜಾತಿಯದು, ಮೊಳೆ ಹೊಡೆದರೆ, ಹೆಸರು ಕೆತ್ತಿದರೆ, ಸುಣ್ಣ ಬಣ್ಣ ಮೆತ್ತಿ ಕೆರೆದರೆ ಬೇಗ ಗಾಯಗೊಳ್ಳುತ್ತದೆ. ಮರದ ದಿಮ್ಮಿಯನ್ನು ಬದಲಿಸಿದಂತೆ ತಿರುಗಣೆಯ ಕಂಬವನ್ನು ಬದಲಿಸಲು ಬರುವುದಿಲ್ಲ. ಬದಲಿಸಬಹುದಾದ್ದರಿಂದ ಮರದ ಕಟ್ಟಡವನ್ನು ಕಾಯುವವರು ಸದಾ ಎಚ್ಚರವಾಗಿರುತ್ತಾರೆ. ಬದಲಿಸಬೇಕಾಗಿಲ್ಲ ಎಂಬ ಭರವಸೆಯಲ್ಲಿ ಕಲ್ಲಿನ ಕಟ್ಟಡವನ್ನು ಮರೆಯುವುದು ಸುಲಭ. ಹರಿಹರದ ಶಿಖರ ಹೋದದ್ದು, ನಾರ್ವೆಯ ಸಾವಿರ ಚರ್ಚುಗಳು 28ಕ್ಕೆ ಇಳಿದದ್ದು ಎರಡೂ ನೋಡಿಕೊಳ್ಳುವ ಕೈ ಇಲ್ಲವಾದಾಗಲೇ.

ದೇವಾಲಯದ ಹಳೆಯ ಶಾಸನಗಳನ್ನು ಹಾಕಿಸಿದವರಿಗೆ ಇದು ಗೊತ್ತಿತ್ತು. ಶಾಸನವೆಂದರೆ ಹೊಗಳಿಕೆಯ ಪದ್ಯಗಳು ಮಾತ್ರ ಎಂದು ಹಲವರು ತಿಳಿದಿರುವುದುಂಟು. ಅವುಗಳ ಕೊನೆಯ ಭಾಗವನ್ನು ಓದಿದರೆ ಭೂಮಿ ಬಿಟ್ಟ ವಿವರ, ಅದರ ಎಲ್ಲೆಗಳು, ನೈವೇದ್ಯದ ಏರ್ಪಾಡು, ಧರ್ಮವನ್ನು ಕೆಡಿಸಿದವರಿಗೆ ಶಾಪ ಇವೇ ಸಾಲುಸಾಲಾಗಿ ಬರುತ್ತವೆ. ಕಟ್ಟಡ ಕಟ್ಟಿದ ದಿನವೇ ಅದನ್ನು ನೋಡಿಕೊಳ್ಳುವವರ ಹೊಟ್ಟೆಯ ಪಾಡನ್ನೂ ಬರೆದಿಟ್ಟ ದಾಖಲೆಗಳವು. ಅಂತಹ ಶಾಸನದ ಕಲ್ಲುಗಳು ಹರಿಹರೇಶ್ವರನ ಸನ್ನಿಧಿಯಲ್ಲಿ ಈಗಲೂ ನಿಂತಿವೆ. ತಿರುಗಣೆಯ ಕಂಬಗಳಿಂದ ನಾಲ್ಕು ಹೆಜ್ಜೆ ಆಚೆ ಹೋದರೆ ಯಾರಾದರೂ ನೋಡಬಹುದು.